ಒರೆಸಿದವರು, ಮಾಡಿದವರು, ಹತ್ತಿದವರು

ಮೈಸೂರಿನಲ್ಲಿ ಹಳೆಯ ಕಾರುಗಳ, ಮೋಟಾರ್ ಸೈಕಲ್ಲುಗಳ ಮೆರವಣಿಗೆ ಆಗಾಗ ನಡೆಯುತ್ತದೆ. ಆಸ್ಟಿನ್, ಮಾರಿಸ್, ಹಳೇ ಫಿಯೆಟ್, ಜಾವಾ, ಯೆಜ್ಡಿ ಎಲ್ಲವೂ ಪಾಲಿಶ್ ಬಳಿದುಕೊಂಡು ಸಾಲಾಗಿ ನಿಲ್ಲುತ್ತವೆ. ಪಕ್ಕದಲ್ಲಿ ನಿಂತವರು ಹೇಳುತ್ತಾರೆ: ಇದು ನಮ್ಮ ತಾತನ ಕಾಲದ್ದು, ಇದರಲ್ಲೇ ನಮ್ಮ ಅಜ್ಜಿ ಮದುವೆಯಾಗಿ ಬಂದದ್ದು, ಇದರಲ್ಲೇ ನಮ್ಮಪ್ಪ ಊಟಿಗೆ ಹೋಗಿ ಬಂದದ್ದು. ಪತ್ರಿಕೆಯವರು ಬರೆದುಕೊಳ್ಳುತ್ತಾರೆ. ಮಾರನೆಯ ದಿನ ಅದು ಊರಿನ ಪರಂಪರೆಯಾಗಿ ಅಚ್ಚಾಗುತ್ತದೆ.

ಅವರ ನೆನಪು ಸುಳ್ಳೆಂದು ನಾವು ಹೇಳುವುದಿಲ್ಲ. ಹಳೆಯ ಯಂತ್ರವನ್ನು ಜೋಪಾನ ಮಾಡುವುದು ತಪ್ಪೂ ಅಲ್ಲ. ಆದರೆ ನಮ್ಮ ತಾತನಿಗೂ ಒಂದು ಕಾರಿನ ನೆನಪಿತ್ತು. ಅದು ಯಾವ ಮೆರವಣಿಗೆಗೂ ಯಾಕೆ ಬರಲಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಈ ಊರಿನ ಗಾಲಿಗಳ ಚರಿತ್ರೆಯನ್ನು ಒಮ್ಮೆ ನೋಡೋಣ.

ನಮ್ಮ ತಾತ ನಂಜನಗೂಡು ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದು, ಒಬ್ಬ ಸಾಹುಕಾರರ ಮನೆಯಲ್ಲಿ ಕಾರು ತೊಳೆಯುವ ಕೆಲಸಕ್ಕೆ ಸೇರಿದವನು. ಕಾರಿನ ಕಂಪನಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಅದರ ಮೇಲೆ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಆದರೆ ಚಳಿಗಾಲದ ಬೆಳಿಗ್ಗೆ ಎಷ್ಟು ಸಲ ಹ್ಯಾಂಡಲ್ ಹೊಡೆದರೆ ಇಂಜಿನ್ನು ಕೆಮ್ಮುತ್ತದೆ, ರೇಡಿಯೇಟರಿಗೆ ಎಷ್ಟು ತಂಬಿಗೆ ನೀರು ಬೇಕು, ಯಾವ ನಟ್ಟು ಎಲ್ಲಿ ಸಡಿಲ ಎಂಬುದೆಲ್ಲ ಅವನ ಕೈಗೆ ಗೊತ್ತಿತ್ತು. ಸೆಲ್ಫ್ ಸ್ಟಾರ್ಟರು ಕೆಟ್ಟ ಕಾಲದ ಕಾರಿಗೆ ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಇಂಜಿನ್ನು ತಿರುಗಿ ಒದ್ದರೆ ಆ ಹ್ಯಾಂಡಲ್ಲು ಕೈಗೇ ಹೊಡೆಯುತ್ತದೆ. ಹಾಗೆ ಹೊಡೆಸಿಕೊಂಡ ತಾತನ ಬಲಗೈ ಮಣಿಕಟ್ಟು ಸಾಯುವವರೆಗೂ ಸೊಟ್ಟಗೇ ಇತ್ತು. ನಮ್ಮ ಮನೆಯಲ್ಲಿದ್ದ ಏಕೈಕ ವಿಂಟೇಜ್ ದಾಖಲೆ ಆ ಮಣಿಕಟ್ಟು.

"ಒಳಗೆ ಕೂತಿದ್ದೀಯಾ ತಾತ?" ಅಂತ ಕೇಳಿದರೆ ನಗುತ್ತಿದ್ದ. "ಕಾರು ಅಂದ್ರೆ ಕೂರಾದಾ? ಒರ್ಸಾದು, ತಳ್ಳಾದು ಕಣ್ಲಾ."

ಮೈ ತೊಳೆಯಲು ತಾತ, ಸೀಟು ಒರೆಸಲು ಬೇರೆಯವನು. ಗಾಡಿ ಹೊರಗಿನಿಂದ ತಾತನ ಕೈಯಲ್ಲಿ ಶುದ್ಧವಾಗುತ್ತಿತ್ತು, ಅದೇ ಕೈ ಒಳಗೆ ಹೋದರೆ ಮೈಲಿಗೆಯಾಗುತ್ತಿತ್ತು! ದೂರದ ಜಾತ್ರೆಗೆ ಹೋಗುವಾಗ, ದಾರಿಯಲ್ಲಿ ಕೆಟ್ಟರೆ ತಳ್ಳಲು ಆಳು ಬೇಕಲ್ಲ, ಅದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆಗಿನ ಕಾರುಗಳಿಗೆ ಬಾಗಿಲ ಕೆಳಗೆ ಉದ್ದನೆಯ ಫುಟ್‌ಬೋರ್ಡು ಇರುತ್ತಿತ್ತು. ತಾತ ಅದರ ಮೇಲೆ ನಿಂತು, ಬಾಗಿಲ ಚೌಕಟ್ಟು ಹಿಡಿದುಕೊಂಡು ಹೋಗುತ್ತಿದ್ದ. ಮಳೆ ಬಂದರೂ ಹೊರಗೇ. ಒಳಗೆ ಸೀಟು ಖಾಲಿಯಿದ್ದರೂ ಹೊರಗೇ.

ಇನ್ನು ಊರಿನ ಕಡೆ ನೋಡೋಣ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನಕ್ಕೆ ಮಾದರಿ ಸಂಸ್ಥಾನವೆಂಬ ಹೆಸರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1908ರಲ್ಲಿ ಮೈಸೂರು ನಗರಕ್ಕೆ ಬಂತು. 1912ರ ಹೊತ್ತಿಗೆ ಹೊಸ ಅರಮನೆ ಎದ್ದು ನಿಂತಿತು. ಅರಮನೆಯ ರೋಲ್ಸ್ ರಾಯ್ಸ್ ಕಾರುಗಳ ಬಗ್ಗೆ ಇವತ್ತಿಗೂ ಪುಸ್ತಕಗಳಲ್ಲಿ ಬರೆಯುತ್ತಾರೆ. ಯಾವ ಕಾರಿಗೆ ಎಂಥ ದೀಪ, ಎಂಥ ಚರ್ಮದ ಸೀಟು ಅನ್ನುವುದೆಲ್ಲ ದಾಖಲೆಯಾಗಿದೆ. ಆ ಕಾರುಗಳು ಓಡಾಡಿದ ರಸ್ತೆಗೆ ಜಲ್ಲಿ ಒಡೆದವರು, ಬಾಂಡಲಿ ಹೊತ್ತ ಹೆಂಗಸರು, ಸುಡುವ ಟಾರಿನ ಮುಂದೆ ನಿಂತವರು ಯಾರೆಂದು ಆ ಪುಸ್ತಕಗಳಲ್ಲಿಲ್ಲ.

ಎಲ್ಲವೂ ಕತ್ತಲೆ ಅಂತಲೂ ನಾವು ಹೇಳಬಾರದು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಮರುವರ್ಷ ವರದಿ ಕೊಟ್ಟಿತು. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆಯುವ ದಾರಿ ಅಲ್ಲಿಂದ ಶುರುವಾಯಿತು. ಇಡೀ ದೇಶದಲ್ಲಿ ಅದು ದೊಡ್ಡ ಮಾತು. ಆದರೆ ಕಚೇರಿಯ ಬಾಗಿಲು ತೆರೆದಷ್ಟು ಬೇಗ ಕಾರಿನ ಬಾಗಿಲು ತೆರೆಯಲಿಲ್ಲ. ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ನಿಯಮವನ್ನು ಯಾವ ಸರ್ಕಾರವೂ ಬರೆದಿರಲಿಲ್ಲ. ಬರೆಯದೆಯೇ ಅದು ಎಲ್ಲರಿಗೂ ಗೊತ್ತಿತ್ತು.

ಇದು ಮೈಸೂರಿನದೊಂದೇ ಕತೆಯಲ್ಲ. ಬಾಬಾಸಾಹೇಬ ಅಂಬೇಡ್ಕರರು ತಮ್ಮ ಬದುಕಿನ ಅವಮಾನಗಳನ್ನು ಬರೆದಿಟ್ಟಿರುವ ಪುಟಗಳಲ್ಲಿ ಗಾಡಿಯ ಪ್ರಸಂಗ ಎರಡು ಸಲ ಬರುತ್ತದೆ. 1901ರಲ್ಲಿ ಹುಡುಗ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳ ಜತೆ ತಂದೆಯನ್ನು ನೋಡಲು ಹೊರಟು, ಸತಾರಾ ಕಡೆಯ ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಒಳ್ಳೆಯ ಬಟ್ಟೆ ಹಾಕಿದ್ದ ಹುಡುಗರು ಮಹಾರರೆಂದು ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಹೇಗೆ ಗೊತ್ತೆ? ಬಾಡಿಗೆ ಎರಡರಷ್ಟು ಕೊಡಬೇಕು, ಗಾಡಿಯನ್ನು ಹುಡುಗರೇ ಹೊಡೆದುಕೊಳ್ಳಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ!

ಎರಡನೆಯದು 1929ರಲ್ಲಿ. ಆಗ ಅವರು ಬ್ಯಾರಿಸ್ಟರು, ಮುಂಬಯಿ ಸರ್ಕಾರದ ಸಮಿತಿಯ ಸದಸ್ಯರು. ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರೆ ಟಾಂಗಾದವರು ಅಸ್ಪೃಶ್ಯನಿಗೆ ಗಾಡಿ ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ನಮ್ಮ ನಾಯಕ ನಡೆದು ಬರಬಾರದೆಂದು ಆ ಕೇರಿಯ ಒಬ್ಬ ತಾನೇ ಲಗಾಮು ಹಿಡಿದ. ಅವನು ಯಾವತ್ತೂ ಟಾಂಗಾ ಹೊಡೆದವನಲ್ಲ. ಮೋರಿಯ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಅಂಬೇಡ್ಕರರು ಎಸೆಯಲ್ಪಟ್ಟು ಕಾಲು ಮುರಿದುಕೊಂಡರು, ಕುದುರೆಯೂ ಗಾಡಿಯೂ ಹೊಳೆಗೆ ಬಿದ್ದವು.

ನಾವು ಇದನ್ನು ಮೇಷ್ಟರುಗಳಿಗೆ ವಿಶೇಷವಾಗಿ ನೆನಪಿಸುತ್ತಿದ್ದೇವೆ. ಪಾಠದಲ್ಲಿ ಸಂವಿಧಾನ ಬರೆದ ಅಂಬೇಡ್ಕರ್ ಬರುತ್ತಾರೆ, ಟಾಂಗಾದಿಂದ ಬಿದ್ದ ಅಂಬೇಡ್ಕರ್ ಬರುವುದಿಲ್ಲ. ಗಾಡಿ ಹೊಡೆಯಲು ಬಾರದ ಆ ಬಡವನ ಪ್ರೀತಿಯೂ, ಲಗಾಮನ್ನು ಅವನ ಕೈಗೆ ಎಂದೂ ಕೊಡದ ಸಮಾಜವೂ ಸೇರಿಯೇ ಆ ಅಪಘಾತವಾದದ್ದು. ಒಂದು ವಿದ್ಯೆಯಿಂದ ಒಂದು ಜನವನ್ನು ತಲೆತಲಾಂತರ ದೂರ ಇಟ್ಟರೆ ಆಗುವುದೇ ಅದು.

ನಮ್ಮ ಜನ ಮೋಟಾರಿನ ಒಳಗೆ ಮೊದಲು ಕೂತದ್ದು ಬಸ್ಸಿನಲ್ಲಿ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದೇ ನಿಗಮವಾಯಿತು. ಸರ್ಕಾರಿ ಬಸ್ಸಿನ ಕಂಡಕ್ಟರು ಟಿಕೇಟಿನ ಕಾಸು ಕೇಳುತ್ತಿದ್ದ, ಕೇರಿ ಕೇಳುವ ಹಕ್ಕು ಅವನಿಗಿರಲಿಲ್ಲ. ಹಾಗಂತ ಮೊದಲ ದಿನವೇ ಎಲ್ಲ ಸರಿಹೋಯಿತೆ? ಇಲ್ಲ. ಸೀಟು ಇದ್ದರೂ ನಿಂತೇ ಬರುತ್ತಿದ್ದೆವು ಅಂತ ನಮ್ಮ ಅವ್ವ ಹೇಳುತ್ತಿದ್ದಳು. "ಯಾರೂ ಏಳು ಅನ್ನಲಿಲ್ಲ ಕಣಪ್ಪ, ನಮ್ಗೇ ಕೂರಾಕ್ ಬರ್ನಿಲ್ಲ." ಕೂರುವುದನ್ನೂ ಕಲಿಯಬೇಕಾಗಿತ್ತು.

ಈಗ ಯಾದವಗಿರಿಗೆ ಬರೋಣ. ಮೈಸೂರಿನ ಹಳೆಯ ಮೋಟಾರ್ ಸೈಕಲ್ಲಿನ ಮಾತೆಂದರೆ ಜಾವಾದ ಮಾತೇ. ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಫ್ರಾಂತಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಹೆಸರಿಟ್ಟ. ಮುಂಬಯಿಯ ಇರಾನಿ ಕುಟುಂಬದವರು ಅದನ್ನು ತರಿಸಿ ಮಾರುತ್ತಿದ್ದರು. ಹೊರದೇಶದ ಗಾಡಿಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಲ್ಲೇ ತಯಾರಿಸಲು ಹೊರಟರು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು, 1961ರಿಂದ ಗಾಡಿಗಳು ಹೊರಬಂದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಅರಮನೆಯ ಕಾರುಗಳ ಊರು ಕಾರ್ಖಾನೆಯ ಮೋಟಾರ್ ಸೈಕಲ್ಲಿನ ಊರಾದದ್ದು ಹೀಗೆ.

ಇಲ್ಲೊಂದು ವ್ಯತ್ಯಾಸವಿದೆ. ಅರಮನೆಯ ಕಾರು ಹೊರಗಿನಿಂದ ಬಂದದ್ದು. ಜಾವಾ ಈ ಊರಿನ ಕೈಗಳಿಂದ ಆದದ್ದು. ರೈತರ ಮಕ್ಕಳು, ಕೂಲಿಯವರ ಮಕ್ಕಳು, ಐಟಿಐ ಕಲಿತ ಹುಡುಗರು ಫಿಟ್ಟರು, ಟರ್ನರು, ವೆಲ್ಡರು ಆದರು. ಅಶೋಕಪುರಂ ಪಕ್ಕದ ರೈಲ್ವೆ ವರ್ಕ್‌ಶಾಪು, ಗಿರಣಿಗಳು, ಆಮೇಲೆ ಯಾದವಗಿರಿ, ಇವು ಮೈಸೂರಿನ ಬಡ ಮನೆಗಳಿಗೆ ತಿಂಗಳ ಸಂಬಳ ಎಂಬುದನ್ನು ತೋರಿಸಿದವು. ಯಜಮಾನನ ಮರ್ಜಿಯ ಮೇಲೆ ನಿಂತ ತಾತನ ಕಾಳುಕಡ್ಡಿಗೂ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಸಂಬಳಕ್ಕೂ ಎಷ್ಟು ದೂರ! ನಮ್ಮ ಕೇರಿಗೆ ಬಂದುಹೋಗುತ್ತಿದ್ದ ಹಿರಿಯ ಕಾರ್ಮಿಕರೊಬ್ಬರು ರಸ್ತೆಯಲ್ಲಿ ಜಾವಾ ಹೋದರೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಶಬ್ದ ಕೇಳಿಯೇ "ಪಾಯಿಂಟ್ ಹೋಗಿದೆ" ಅಂತಲೋ "ಸೈಲೆನ್ಸರ್ ಕಟ್ಟಿದೆ" ಅಂತಲೋ ಹೇಳುತ್ತಿದ್ದರು. ಸಂಗೀತದವರ ಕಿವಿಗೆ ನಾವು ಸಲ್ಲಿಸುವ ಗೌರವವನ್ನು ಆ ಕಿವಿಗೆ ಯಾರು ಸಲ್ಲಿಸಿದರು?

ಆ ಗಾಡಿ ಬಡವರ ಕೈಗೆ ಒಗ್ಗಿದ್ದಕ್ಕೆ ಅದರ ರಚನೆಯೇ ಕಾರಣ. 250 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಎರಡು ಸ್ಟ್ರೋಕಿನ ಇಂಜಿನ್ನಾದ್ದರಿಂದ ವಾಲ್ವುಗಳಿಲ್ಲ, ಓಡಾಡುವ ಭಾಗಗಳು ಕಡಿಮೆ. ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಅದೇ ಒಳಗಿನ ಬೇರಿಂಗುಗಳಿಗೆ ಜಿಡ್ಡು ಕೊಟ್ಟು, ಉರಿದು, ನೀಲಿ ಹೊಗೆಯಾಗಿ ಹೋಗುತ್ತದೆ. ಕಿಕ್ಕರ್ರೂ ಗೇರೂ ಒಂದೇ ಲಿವರು. ಒತ್ತಿ ತಿರುಗಿಸಿದರೆ ಕಿಕ್ಕರು, ಬಿಟ್ಟರೆ ಗೇರು. ಹಳ್ಳಿಯ ಸೈಕಲ್ ಶಾಪಿನ ಹುಡುಗ ಕೂಡ ಎರಡು ಸ್ಪ್ಯಾನರು, ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಕೂಡಿಸುತ್ತಿದ್ದ. ಹಾಲಿನ ಕ್ಯಾನು, ಮೇವಿನ ಹೊರೆ, ಗಂಡ ಹೆಂಡತಿ ಮೂರು ಮಕ್ಕಳು, ಎಲ್ಲ ಹೊತ್ತಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಾಜ್ದ್ ಎಂಬ ಊರಿನ ನೆನಪಿಗೆ ಇಟ್ಟ ಹೆಸರು ಅದು. ನೋಡಿ, ಒಡೆಯರು ತಮ್ಮ ಪೂರ್ವಿಕರ ಊರನ್ನು ಗಾಡಿಯ ಟ್ಯಾಂಕಿನ ಮೇಲೆ ಬರೆದುಕೊಂಡರು. ಅದರಲ್ಲಿ ತಪ್ಪೇನಿಲ್ಲ. ಮಾಡಿದವರ ಊರುಗಳನ್ನು ಬರೆಯಲು ಮಾತ್ರ ಎಲ್ಲೂ ಜಾಗ ಸಿಗಲಿಲ್ಲ.

ನಮ್ಮ ಕೇರಿಗೆ ಮೊದಲ ಜಾವಾ ತಂದವನು ನಮ್ಮ ಚಿಕ್ಕಪ್ಪ, ಆ ಕಾರು ಒರೆಸುವ ತಾತನ ಕಿರಿ ಮಗ. ಓದಿ ಸರ್ಕಾರಿ ಶಾಲೆಯ ಮೇಷ್ಟರಾಗಿದ್ದ. 1972ರಲ್ಲಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ. ತಾತ ಅದನ್ನು ಮೂರು ಸುತ್ತು ಸುತ್ತಿ ನೋಡಿ, ಹೆಗಲ ಮೇಲಿನ ಟವೆಲ್ಲು ತೆಗೆದು ಒರೆಸತೊಡಗಿದ. "ಕೂರು ಅಪ್ಪಾ" ಅಂದರೆ "ತಾಳು, ಧೂಳದೆ" ಅಂದ. ಆ ಕೈಗೆ ಬೇರೆ ಕೆಲಸ ಹೊಳೆಯಲಿಲ್ಲ.

ಗಾಡಿ ಹತ್ತಿ ಚಿಕ್ಕಪ್ಪ ಮೂಲ ಹಳ್ಳಿಗೆ ಹೋದ. ನಮ್ಮ ಹಟ್ಟಿಗೆ ಹೋಗಬೇಕಾದರೆ ಊರೊಳಗಿನ ದೊಡ್ಡ ಬೀದಿ ದಾಟಬೇಕು. ಆ ಬೀದಿಯಲ್ಲಿ ನಮ್ಮವರು ಮೆಟ್ಟು ಕೈಯಲ್ಲಿ ಹಿಡಿದು ಹೋಗುತ್ತಿದ್ದ ಕಾಲ ಆಗಿನ್ನೂ ಬಹಳ ಹಿಂದಿನದಲ್ಲ. ಸೈಕಲ್ಲಾದರೂ ಇಳಿದು ತಳ್ಳಬೇಕು. ಜಾವಾವನ್ನೂ ತಳ್ಳಬೇಕೆಂದಾಯಿತು. ಅರಳಿಕಟ್ಟೆಯ ಹತ್ತಿರ ಇಂಜಿನ್ನು ಆರಿಸಿ, ನೂರು ಕಿಲೋಗೂ ಹೆಚ್ಚು ತೂಕದ ಗಾಡಿಯನ್ನು ಶರಟು ಒದ್ದೆಯಾಗುವಂತೆ ತಳ್ಳಿಕೊಂಡು, ಹಟ್ಟಿಯ ಹತ್ತಿರ ಮತ್ತೆ ಕಿಕ್ಕರ್ ಹೊಡೆಯುತ್ತಿದ್ದ. ಪರರ ಕಾರನ್ನು ತಾತ ತಳ್ಳಿದ. ಸ್ವಂತ ಗಾಡಿಯನ್ನು ಮಗ ತಳ್ಳಿದ.

ಒಂದು ದಿನ ತಳ್ಳಲಿಲ್ಲ. ನಿಧಾನವಾಗಿ ಗೇರಿನಲ್ಲೇ ಬಂದ. ಜಗುಲಿಯಿಂದ ಒಬ್ಬರು "ಇಳೀಲಾ" ಅಂದರು. ಚಿಕ್ಕಪ್ಪ ನಿಲ್ಲಿಸದೆ, ತಲೆ ಬಗ್ಗಿಸಿ, "ಇಂಜಿನ್ನು ಕಾದದೆ ಬುದ್ಧಿ, ಈಗ ನಿಂತ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ" ಅಂದು ಮುಂದೆ ಹೋದ. ಮರುವಾರವೂ ಅದೇ ಮಾತು, ಅದರ ಮರುವಾರವೂ ಅದೇ. ಹಟ್ಟಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂರು ತಿಂಗಳಿಗೆ ಬೀದಿಗೆ ಆ ಶಬ್ದ ಅಭ್ಯಾಸವಾಯಿತು. ಹೋರಾಟ ಅಂದರೆ ಬಾವುಟ, ಘೋಷಣೆ ಮಾತ್ರ ಎಂದುಕೊಂಡಿರುವ ಗೆಳೆಯರಿಗೆ ಇದನ್ನು ಹೇಳುತ್ತಿದ್ದೇವೆ. ನಮ್ಮ ಹಿರಿಯರು ಸುಳ್ಳು ನೆಪದಿಂದಲೂ ಒಂದು ಬೀದಿಯನ್ನು ಗೆದ್ದಿದ್ದಾರೆ. ಆದರೆ 'ಬುದ್ಧಿ' ಎಂದೇ ಗೆಲ್ಲಬೇಕಾಯಿತು ಎಂಬುದನ್ನೂ ಮರೆಯಬಾರದು.

ಅದೇ ಬೀದಿಯ ಮನೆಯೊಂದರ ಮಗನಿಗೆ ಒಂದು ರಾತ್ರಿ ಹಾವು ಕಚ್ಚಿತು. ಬಸ್ಸಿಲ್ಲ, ಗಾಡಿಯಿಲ್ಲ. ಹಟ್ಟಿಗೆ ಓಡಿ ಬಂದರು. ಚಿಕ್ಕಪ್ಪ ಹುಡುಗನನ್ನು ನಡುವೆ ಕೂರಿಸಿಕೊಂಡ, ಅವನಪ್ಪ ಹಿಂದೆ. ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಮಡಿ ನಡೆಯುವುದಿಲ್ಲ. ಹಿಡಿದುಕೊಳ್ಳದಿದ್ದರೆ ಬೀಳುತ್ತಾರೆ. ಆ ಮನುಷ್ಯ ದಾರಿಯುದ್ದಕ್ಕೂ ಚಿಕ್ಕಪ್ಪನ ಸೊಂಟ ತಬ್ಬಿಕೊಂಡು ಕೆ.ಆರ್. ಆಸ್ಪತ್ರೆಗೆ ಬಂದ. ಹುಡುಗ ಬದುಕಿದ. ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಮಹಾ ಏನೂ ಆಗಲಿಲ್ಲ. ಹಬ್ಬಕ್ಕೆ ಹಿತ್ತಲ ಬಾಗಿಲಲ್ಲಿ ಒಂದು ಮೊರ ಅವರೆಕಾಯಿ ಕೊಟ್ಟರು. ಮನೆಯೊಳಗೆ ಕರೆಯಲಿಲ್ಲ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ 'ಬೂಸಾ' ಮಾತಿಗೆ ಗಲಾಟೆಯೆದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ದಿನಗಳಲ್ಲಿ ಚಿಕ್ಕಪ್ಪನ ಜಾವಾ ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಸುದ್ದಿ ಹೊತ್ತಿತು. ಆಮೇಲಿನ ವರ್ಷಗಳಲ್ಲಿ ಕರಪತ್ರ, ಅಂಟಿನ ಬಕೆಟ್ಟು, ಸಭೆಗೆ ಬಂದವರ ಹಾಸಿಗೆ ಸುರುಳಿ ಎಲ್ಲವನ್ನೂ ಹೊತ್ತಿತು. ಮೈಸೂರು ಸೀಮೆಯ ದಲಿತ ಚಳವಳಿಯ ಚರಿತ್ರೆ ಬರೆಯುವವರು ಇಂಥ ಗಾಡಿಗಳಿಗೂ, ಅವಕ್ಕೆ ಪೆಟ್ರೋಲು ಹಾಕಿಸಲು ಸಂಬಳದಲ್ಲಿ ಮುರಿದುಕೊಟ್ಟ ಮೇಷ್ಟರುಗಳಿಗೂ ಒಂದು ಪುಟ ಕೊಡಬೇಕು.

ಕಾರ್ಖಾನೆಯ ಕೊನೆಯನ್ನೂ ಹೇಳಿಬಿಡೋಣ. 1978ರಲ್ಲಿ ಬಂದ ರೋಡ್‌ಕಿಂಗ್ ಹೆಸರು ಮಾಡಿತು. ಆದರೆ 1984ರಿಂದ ಜಪಾನ್ ಕಂಪನಿಗಳ ಸಹಯೋಗದ 100 ಸಿಸಿ ಗಾಡಿಗಳು ಬಂದವು: ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಹೋಗುವ ಗಾಡಿಯ ಮುಂದೆ ಎರಡು ಸ್ಟ್ರೋಕಿನ ಭಾರದ ಗಾಡಿ ಸೋತಿತು. ಹೊಗೆಯ ಮೇಲೆ ಸರ್ಕಾರದ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಕಂಪನಿ ಸಮಾಪನೆಗೆ ಹೋಯಿತು. ಗಾಡಿ ಕೊಂಡವರಿಗೆ ಅದು ಒಂದು ಬ್ರಾಂಡಿನ ಅಂತ್ಯ. ಕೆಲಸದವರ ಮನೆಗಳಿಗೆ ಅದು ಒಲೆಯ ಮಾತು.

ಈಗ ಹೆಸರು ಮಾತ್ರ ಮರಳಿ ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಯಾದವಗಿರಿಯಲ್ಲಿ ಅಲ್ಲ. ಜುಲೈ ಎರಡನೇ ಭಾನುವಾರ ಜಾವಾ ದಿನವೆಂದು ಗಾಡಿ ಪ್ರಿಯರು ಸೇರುತ್ತಾರೆ. ಶ್ರೀರಂಗಪಟ್ಟಣದ ಬಳಿ ಹಳೆಯ ಕಾರುಗಳ ದೊಡ್ಡ ಸಂಗ್ರಹಾಲಯವೇ ಎದ್ದಿದೆ. ಇವೆಲ್ಲ ಇರಲಿ. ಆದರೆ ಕಬ್ಬಿಣಕ್ಕೆ ಸಿಕ್ಕ ಮಾಡು ಕಬ್ಬಿಣ ಮುಟ್ಟಿದ ಕೈಗಳ ಮಾತಿಗೆ ಸಿಕ್ಕಿಲ್ಲ. ಯಾದವಗಿರಿಯಲ್ಲಿ ದುಡಿದವರು ಇವತ್ತು ಎಪ್ಪತ್ತು ಎಂಬತ್ತು ದಾಟಿದ್ದಾರೆ. ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಇದೆಲ್ಲ ಮುಗಿದ ಕತೆ, ಈಗ ಯಾರು ಯಾವ ಗಾಡಿ ಬೇಕಾದರೂ ಹತ್ತಬಹುದಲ್ಲ ಅಂತ ಕೇಳುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ, ಬುಲೆಟ್ ಓಡಿಸಿದ್ದಕ್ಕೆ ದಲಿತ ಕಾಲೇಜು ಹುಡುಗನೊಬ್ಬನ ಕೈಗಳನ್ನು ಕಡಿದರೆಂಬ ದೂರು ದಾಖಲಾಯಿತು. ಹ್ಯಾಂಡಲ್ ಹಿಡಿದ ಕೈಗಳನ್ನೇ ಹುಡುಕಿ ಕಡಿದರಲ್ಲ, ಅದನ್ನು ಗಮನಿಸಬೇಕು. ಒರೆಸುವ ಕೈ, ತಳ್ಳುವ ಕೈ, ಮಾಡುವ ಕೈಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಹಿಡಿದು ನಡೆಸುವ ಕೈ ಕಂಡರೆ ಸಿಟ್ಟು.

ಚಿಕ್ಕಪ್ಪನ ಜಾವಾ ಈಗ ನಮ್ಮ ಬಳಿ ಇಲ್ಲ. ತಂಗಿಯ ಕಾಲೇಜು ಫೀಸಿಗೆ ಮಾರಿದೆವು. ಕೊಂಡವರು ಅದಕ್ಕೆ ಹೊಸ ಬಣ್ಣ ಹೊಡೆಸಿ ಮೆರವಣಿಗೆಗೆ ತರುತ್ತಿರಬಹುದು. ತಂದರೆ ಸಂತೋಷವೇ. ಬೀದಿಯಲ್ಲಿ ಇಳಿಯದೆ ಹೋದ ಗಾಡಿ ಅದು ಎಂದು ಅವರಿಗೆ ಯಾರಾದರೂ ಹೇಳಬೇಕಷ್ಟೆ.

ಆದ್ದರಿಂದ ವಿದ್ಯಾರ್ಥಿ ಗೆಳೆಯರಲ್ಲಿ, ಹಳ್ಳಿಯ ಮೇಷ್ಟರುಗಳಲ್ಲಿ ನಮ್ಮ ಕೋರಿಕೆ ಇಷ್ಟು. ಈ ರಜೆಯಲ್ಲಿ ನಿಮ್ಮ ಕೇರಿಯ ಒಬ್ಬ ಹಿರಿಯರ ಹತ್ತಿರ, ಒಬ್ಬ ಹಳೇ ಕಾರ್ಮಿಕರ ಹತ್ತಿರ, ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಕೂತು ಕೇಳಿ. ಮೊದಲು ಯಾವ ಗಾಡಿ ಹತ್ತಿದಿರಿ? ಒಳಗೆ ಕೂತಿರಾ, ಹೊರಗೆ ನಿಂತಿರಾ? ಯಾವ ಬೀದಿಯಲ್ಲಿ ಇಳಿಯಬೇಕಾಗಿತ್ತು? ಯಾವ ವರ್ಷದಿಂದ ಇಳಿಯುವುದು ಬಿಟ್ಟಿರಿ? ಗಾಡಿಯ ಯಾವ ಭಾಗ ನಿಮ್ಮ ಕೈಯಲ್ಲಿ ಆಗುತ್ತಿತ್ತು? ಹೆಂಗಸರನ್ನೂ ಕೇಳಿ, ಅವರಿಗೆ ಹೆಚ್ಚು ನೆನಪಿರುತ್ತದೆ. ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಹೆಸರು, ಊರು, ಇಸವಿ ಗುರುತು ಮಾಡಿಕೊಳ್ಳಿ. ಬರೆದದ್ದನ್ನು ಶಾಲೆಯಲ್ಲಿ ಓದಿಸಿ, ನಮಗೂ ಕಳಿಸಿ. ಅಚ್ಚು ಹಾಕೋಣ.